ಸರ್ವಮಂಗಳೆಯ ಸೊನ್ನೆ

ಸರ್ವಮಂಗಳ ರೊಟ್ಟಿಯ ಎರಡನೆಯ ಮಗ್ಗುಲು ಬೇಯಿಸುತ್ತಿದ್ದಳು. ತಲೆಯ ಮೇಲೆ ಅಂಜುಮಾಪಕ ಮೆಲ್ಲಗೆ ಗುಂಯ್‌ಗುಡುತ್ತಿತ್ತು. ನೋಡುವುದಕ್ಕೆ ಅದು ಹೂವು ಉದುರಿದ ದಂಡೆಯ ಹಾಗಿತ್ತು. ಕೆಲಸ ಮಾತ್ರ ಮಿದುಳಿನ ಅಂಜಿಕೆಯನ್ನು ಅಳೆಯುವುದು. ಕಾಡ್ಗಿಚ್ಚು ಆರಿಸುವ ವಿಮಾನದಲ್ಲಿ ಚಾಲಕರ ಅಂಜಿಕೆ ಮಿತಿ ಮೀರಿದರೆ ವಿಮಾನ ತಾನೇ ಚುಕ್ಕಾಣಿ ಕಿತ್ತುಕೊಂಡು ಹಿಂದಿರುಗುತ್ತದೆ. ಅಂಜಿಕೆ ಸೊನ್ನೆಗಿಂತ ತೀರಾ ಕೆಳಗಿಳಿದರೆ ಚಾಲಕರು ತೂಕಡಿಸುತ್ತಿದ್ದಾರೆಂದು ಲೆಕ್ಕ, ಆಗಲೂ ಅಷ್ಟೆ. ಅದಕ್ಕೆ ಮೊದಲು ಪ್ರತಿಯೊಬ್ಬರ ಸೊನ್ನೆ, ಅಂದರೆ ನೆಮ್ಮದಿಯಾಗಿರುವಾಗಿನ ಮಟ್ಟ, ಗೊತ್ತಾಗಬೇಕು. ಮನುಷ್ಯ ಅತ್ಯಂತ ನೆಮ್ಮದಿಯಾಗಿರುವುದು ಮನೆಯಲ್ಲಿ ಎಂದು ತಜ್ಞರ ಸಮಿತಿ ತೀರ್ಮಾನಿಸಿತ್ತು. ಸಮಿತಿಯಲ್ಲಿದ್ದವರೆಲ್ಲ ಗಂಡಸರು, ಅವರ ಮಟ್ಟಿಗೆ ಅದು ನಿಜವೂ ಆಗಿತ್ತು.

“ಕಿರೀಟ ಇಟ್ಕೊಂಡು ರೊಟ್ಟಿ ಸುಡ್ತಾಳೆ ಮಹಾರಾಣಿ,” ಎಂದ ಗಂಡ ಶಿವಮಲ್ಲಪ್ಪ. “ಕಾಡಿನ ಬೆಂಕಿ ಆರಿಸ್ತಾಳಂತೆ, ಒಲೆ ಉರಿ ಸಣ್ಣ ಮಾಡೋಕ್ ಬರಲ್ಲ.”

ಅವನೇನೂ ಕೆಟ್ಟವನಲ್ಲ, ಯಾವತ್ತೂ ಕೈ ಎತ್ತಿದವನಲ್ಲ. ಲೋಟವನ್ನು ಮೇಜಿನ ಮೇಲೆ ಕುಕ್ಕುವ ಸದ್ದಿನಲ್ಲೇ ಹೇಳಬೇಕಾದ್ದೆಲ್ಲ ಹೇಳಬಲ್ಲವನು. ಈಗಲೂ ಕುಕ್ಕಿದ. ಮಾಪಕ ಕುಯ್ ಎಂದಿತು. ಸೊನ್ನೆ ದಾಖಲಾಯಿತು.

ಅಂದೇ ಕಡೆಯ ಪರೀಕ್ಷೆ. ಹೊಲಗಳಿಗೆ ಔಷಧಿ ಸಿಂಪಡಿಸುವ ವಿಮಾನ ನಡೆಸಿಕೊಂಡಿದ್ದವಳು ನಲವತ್ತು ದಾಟಿದ ಮೇಲೆ ಹಿಡಿದ ಹಟ ಇದು. ಈ ಸಲ ತಪ್ಪಿದರೆ ವಯಸ್ಸಿನ ಮಿತಿ ಮುಗಿಯುತ್ತದೆ. ಕಬಿನಿಯ ಹಿನ್ನೀರಿಗೆ ವಿಮಾನದ ಹೊಟ್ಟೆ ತಾಗಿಸಿ ನೀರು ತುಂಬಿಕೊಂಡು ಗುಡ್ಡದ ಬೆಂಕಿಯತ್ತ ಇಳಿದಳು. ಹೊಗೆ ಮುಸುಕಿತು, ರೆಕ್ಕೆ ನಡುಗಿತು. ಅವಳಿಗೆ ಹಾಡು ಗುನುಗುವಷ್ಟು ಹಾಯೆನಿಸಿತ್ತು.

“ಚಾಲಕಿ ನಿದ್ರಿಸುತ್ತಿದ್ದಾರೆ,” ಎಂದು ಘೋಷಿಸಿದ ವಿಮಾನ ಚುಕ್ಕಾಣಿ ಕಸಿದುಕೊಂಡು ಹಿಂದಿರುಗಿತು. ಇಳಿಯುವ ಮುನ್ನ ಹೊರೆ ಇಳಿಸಬೇಕೆಂಬ ನಿಯಮದಂತೆ, ಕ್ಯಾಂಟೀನಿನವರು ಒಣಹಾಕಿದ್ದ ಹಪ್ಪಳಗಳ ಮೇಲೆ ನೀರನ್ನೆಲ್ಲ ಸುರಿಯಿತು.

“ಮೇಡಂ, ಬೆಂಕಿ ಮೇಲೆ ಹೋಗಿ ನಿದ್ದೆ ಮಾಡೋದಾ?” ಎಂದ, ಮಾಪಕವನ್ನು ಕಂಡುಹಿಡಿದ ವಿಜ್ಞಾನಿ ಫಣೀಂದ್ರ.

“ನಿದ್ದೆಯಲ್ಲಿ ಯಾರಾದ್ರೂ ಹಾಡ್ತಾರಾ ಸಾರ್?”

ಅವನು ಅಂಕಿಗಳನ್ನು ನೋಡಿ ಹುಬ್ಬೇರಿಸಿದ. “ನಿಮ್ಮ ಸೊನ್ನೆಯೇ ಆಕಾಶದಲ್ಲಿದೆ. ಬೇರೆಯವರಿಗೆ ಎಂಜಿನ್ ನಿಂತಾಗ ಇಷ್ಟು ಬರುತ್ತೆ. ಬೆಳಿಗ್ಗೆ ಮನೇಲಿ ಏನಾಯ್ತು? ಹಾವು ಗೀವು?”

“ಏನಿಲ್ಲ. ರೊಟ್ಟಿ ಮಾಡ್ತಿದ್ದೆ.”

“ಗ್ಯಾಸ್ ಸೋರ್ತಿತ್ತಾ?”

“ಇಲ್ಲ ಸಾರ್. ನಮ್ಮನೆಯವರು ಕಾಫಿ ಕುಡೀತಿದ್ರು.”

ಫಣೀಂದ್ರ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದ. ತನ್ನ ಮನೆಯ ಲೋಟಗಳು ನೆನಪಾದವೋ ಏನೋ. “ಯಂತ್ರದ ತಪ್ಪಲ್ಲ, ಅಳೆದ ಜಾಗದ ತಪ್ಪು,” ಎಂದ. “ಮತ್ತೆ ಅಳೆಯೋಣ. ನಿಮಗೆಲ್ಲಿ ನೆಮ್ಮದಿಯೋ ಅಲ್ಲಿ.”

ಅವಳು ಇನ್ನೂ ತೊಟ್ಟಿಕ್ಕುತ್ತಿದ್ದ ವಿಮಾನ ಹತ್ತಿ, ಚಾಲಕರ ಸೀಟಿನಲ್ಲಿ ಡಬ್ಬಿ ಬಿಚ್ಚಿ ಬೆಳಗಿನ ರೊಟ್ಟಿ ತಿಂದಳು. ಮಾಪಕದ ಮುಳ್ಳು ಇಳಿಯುತ್ತ ಇಳಿಯುತ್ತ ತಳ ಮುಟ್ಟಿತು, ಅದೇ ಹೊಸ ಸೊನ್ನೆಯಾಯಿತು. ಮಧ್ಯಾಹ್ನ ಮತ್ತೆ ಹಾರಿದಾಗ ಅಂಜಿಕೆ ಏಳಬೇಕಾದಷ್ಟೇ ಎದ್ದಿತು, ಬೆಂಕಿ ಆರಿತು.

ಸಂಜೆ ಗಂಡನ ಫೋನು. “ಏನಾಯ್ತು, ಬಿದ್ಯಾ?”

“ಪಾಸಾಯ್ತು ರೀ.”

“ಸರಿ. ಬರ್ತಾ ಹಾಲು ತಾ.”

“ಹೂಂ.”

ವಿಮಾನ ನೆಲೆಯ ವಸತಿಗೃಹದಲ್ಲಿ ಅವಳಿಗೂ ಒಂದು ಕೋಣೆ ಕೊಟ್ಟಿದ್ದರು. ಮನೆ ಹತ್ತಿರವಿದೆಯಲ್ಲ ಎಂದು ಬೀಗದ ಕೈ ಹಿಂದಿರುಗಿಸಬೇಕೆಂದಿದ್ದಳು. ಅದಿನ್ನೂ ಚೀಲದ ತಳದಲ್ಲೇ ಇತ್ತು. ನೆಲೆಯ ಗೇಟಿನೆದುರಿನ ಅಂಗಡಿಯವನು ಎಂದಿನಂತೆ ಲೀಟರಿನ ಹಾಲಿನ ಪ್ಯಾಕೆಟ್ಟು ಎತ್ತಿಕೊಟ್ಟ.

“ಅದು ಬೇಡ ಕಣಪ್ಪ,” ಎಂದಳು ಸರ್ವಮಂಗಳ. “ಸಣ್ಣದು ಕೊಡು, ಒಬ್ಬಳಿಗೆ ಸಾಕಾಗೋವಷ್ಟು.”