ಕೀಲಿ ಬೀಗದಲ್ಲೇ ಇತ್ತು

೧೯೮೯ರ ಮಾರ್ಚ್ ೧೨, ಭಾನುವಾರ ಬೆಳಿಗ್ಗೆ ೮.೨೦ಕ್ಕೆ ಸಿಸಿಲಿಯ ಮೊಂತೆರಾಮೊ ಠಾಣೆಗೆ ಬಟ್ಟೆ ಹೊಲಿಯುವ ಅಗ್ರಿಪ್ಪಿನಾ ಬಂದು ದೂರು ಕೊಟ್ಟಳು. ಪಕ್ಕದ ಲಿಬೊರಿಯೊ ಮಿಚೆಲಿಯ ಖಾಲಿ ಮನೆಗೆ ಯಾರೋ ಬೆಂಕಿ ಇಟ್ಟಿದ್ದರು.

ಹೆಸರು ಕೇಳಿಯೇ ಇನ್‌ಸ್ಪೆಕ್ಟರ್ ಲೋ ವೆರ್ದೆಗೆ ಸಂಕಟವಾಯಿತು. ಲಿಬೊರಿಯೊ ಈಗ ಪೆಂಟಿಟೊ, ಅಂದರೆ ತಪ್ಪೊಪ್ಪಿ ಸರ್ಕಾರದ ಸಾಕ್ಷಿಯಾದವನು. ಹದಿನಾಲ್ಕು ವರ್ಷ ಮಾಫಿಯಾದಲ್ಲಿದ್ದು, ಜನವರಿಯಲ್ಲಿ ನ್ಯಾಯಾಧೀಶರ ಮುಂದೆ ಎಲ್ಲರ ಹೆಸರು ಹೇಳಿದವನು. ಹೆಂಡತಿ ಮಕ್ಕಳೊಂದಿಗೆ ಅವನನ್ನು ಸರ್ಕಾರ ಉತ್ತರದಲ್ಲೆಲ್ಲೋ ಅಡಗಿಸಿಟ್ಟಿತ್ತು. ಬಾಯಿ ಬಿಡು ಎಂದು ಅವನ ಮನವೊಲಿಸಿದ್ದು ಲೋ ವೆರ್ದೆಯೇ.

"ಯಾರನ್ನಾದ್ರೂ ನೋಡಿದ್ರೇನಮ್ಮ?"

"ಕಿಟಕಿ ಹಾಕಿತ್ತು. ನಂಗೆ ಗಾಳಿ ಆಗಿಬರಲ್ಲ ಸಾಹೇಬ್ರೆ."

ಆ ಬೀದಿಯ ಹನ್ನೊಂದು ಮನೆಯವರಿಗೂ ಅವತ್ತು ಗಾಳಿ ಆಗಿಬಂದಿರಲಿಲ್ಲ.

"ಹೊಗೆನೂ ಮೂಗಿಗೆ ಹೋಗ್ಲಿಲ್ಲ ಅಂತ ಬರ್ಕೊಳ್ಲಾ ಸಾರ್?" ಎಂದ ಕಾನ್‌ಸ್ಟೇಬಲ್ ಕಾನೀಲ್ಯ.

ಎಫ್‌ಐಆರ್ ದಾಖಲಾಯಿತು. ೯.೩೦ಕ್ಕೆ ಪಂಚನಾಮೆ. ಬಾಗಿಲು ಒಡೆದಿರಲಿಲ್ಲ, ಕೀಲಿ ಬೀಗದಲ್ಲೇ ಇತ್ತು. ಗ್ಯಾಸ್ ಸಿಲಿಂಡರನ್ನು ಯಾರೋ ಹೊರಗೆ ಹೊತ್ತು ತಂದು ಬೀದಿಯಾಚೆ ಇಟ್ಟಿದ್ದರು. ಅಕ್ಕಪಕ್ಕದವರ ಮೇಲೆ ಮಾಫಿಯಾದವರಿಗೆ ಇಷ್ಟೊಂದು ಕಾಳಜಿಯೇ? ಊರಲ್ಲಿ ಆ ಮನೆಯ ಇನ್ನೊಂದು ಕೀಲಿ ಇದ್ದದ್ದು ಒಬ್ಬರ ಬಳಿ ಮಾತ್ರ.

ಲಿಬೊರಿಯೊನ ಅಪ್ಪ ಗಾಸ್ಪರೆ, ಹಿಂದೆ ಗಂಧಕದ ಗಣಿಯಲ್ಲಿ ದುಡಿದವನು, ಭಾನುವಾರದ ಕೋಟು ತೊಟ್ಟು ಬಾಗಿಲಲ್ಲೇ ಕೂತಿದ್ದ. ಹುಬ್ಬು ಸುಟ್ಟಿತ್ತು.

"ತಡ ಮಾಡಿದ್ರಿ ಸಾಹೇಬ್ರೆ."

"ಹಾಡುಹಗಲಲ್ಲೇ, ಯಜಮಾನ್ರೆ?"

"ಸೀಮೆಎಣ್ಣೆ ಡಬ್ಬ ಹಿಡ್ಕೊಂಡು ಬೀದಿ ನಡುವೆ ಹೋದೆ. ಅಗ್ರಿಪ್ಪಿನಾನ ಮಾತಾಡ್ಸಿದೆ ಕೂಡ. ಊರೆಲ್ಲ ನೋಡಿ ಹೇಳ್ಲಿ ಅಂತ. ಪಾಪ, ನನ್ನ ಉಳಿಸ್ತಿದೀವಿ ಅಂದ್ಕೊಂಡು ಬಾಯಿ ಹೊಲ್ಕೊಂಡ್ರು."

"ಊರಿಗ್ಯಾಕೆ ಗೊತ್ತಾಗ್ಬೇಕಿತ್ತು?"

"ನನ್ನ ಚಿಕ್ಕ ಮಗ ಸಾರೊನ ಮೊನ್ನೆ ಬೇಕರಿ ಹತ್ರ ಆ ಮಾಫಿಯಾ ಜನ ತಡೆದು ಕೇಳಿದಾರೆ, ನಿಮ್ಮನೇಲಿ ಉಳಿದೋರು ಯಾರ ಕಡೆ ಅಂತ. ಉತ್ತರ ಕೊಡೋಕೆ ನಂಗೆ ಬೇರೆ ದಾರಿ ತಿಳೀಲಿಲ್ಲ."

೧೧.೫೦ಕ್ಕೆ ಬಂಧನ. ಹಿತ್ತಿಲಿಂದ ಹೋಗೋಣ ಎಂದ ಲೋ ವೆರ್ದೆ. ಮುದುಕ ಒಪ್ಪಲಿಲ್ಲ. "ಚರ್ಚ್ ಬಿಡೋ ಹೊತ್ತು. ಚೌಕದ ಮೇಲೇ ಕರ್ಕೊಂಡು ಹೋಗಿ. ಕೋಳ ಎಲ್ರಿಗೂ ಕಾಣ್ಲಿ."

ಹಾಗೇ ಕರೆದೊಯ್ದರು. ಕಾಫಿ ಅಂಗಡಿಯ ಮುಂದೆ ಕೂತಿದ್ದ ಮಾಫಿಯಾದವನೊಬ್ಬ ಟೋಪಿಯನ್ನು ತುಸುವೇ ಎತ್ತಿ ಇಳಿಸಿದ. ಗಾಸ್ಪರೆಯ ಉಸಿರು ಸಡಿಲವಾದದ್ದು ಲೋ ವೆರ್ದೆಗೆ ಕೇಳಿಸಿತು.

ಠಾಣೆಯಲ್ಲಿ ಹೇಳಿಕೆ ಬರೆಯುವಾಗ ಮುದುಕ ತಡೆದ. "ಮಗನ ಮೇಲಿನ ದ್ವೇಷ ಅಂತ ಬರೀರಿ. ನಿಜ ಗೊತ್ತಾದ್ರೆ ಲಿಬೊರಿಯೊ ತಮ್ಮನಿಗೋಸ್ಕರ ಎಲ್ಲ ಬಿಟ್ಟು ವಾಪಸ್ ಬರ್ತಾನೆ. ಬಂದ್ರೆ ಉಳಿಯಲ್ಲ."

"ನಿಮ್ಮ ಮುಖಾನೂ ನೋಡಲ್ಲ ಅವ್ನು, ಸಾಯೋವರೆಗೂ."

"ಅಷ್ಟು ದಿನ ಬದುಕಿರ್ತಾನಲ್ಲ."

ಲೋ ವೆರ್ದೆ ಸೇವೆಯಲ್ಲಿ ಒಂದು ಸುಳ್ಳು ಸಾಲನ್ನೂ ಬರೆದವನಲ್ಲ. ಒಂದು ಹಾಳೆ ಬರೆದ, ಹರಿದ. ಎರಡನೆಯದರಲ್ಲಿ ಕಾರಣದ ಮುಂದೆ ಮುದುಕ ಹೇಳಿದ್ದನ್ನೇ ಬರೆದು ಸಹಿ ಹಾಕಿದ.