ಬಿರಡೆ ಹಾಕಿದ್ದು ಯಾರು?

"ಅಪ್ಪಾ, ನನ್ನ ಚಡ್ಡಿ ಒದ್ದೆ ಆಗ್ತಿದೆ!"

"ಕಯಾಕ್ ಮೇಲೆ ಕೂತ್ಕೊಂಡು ಚಡ್ಡಿ ಒದ್ದೆ ಆಗಬಾರದು ಅಂದ್ರೆ ಹೇಗೇ? ಸುಮ್ನೆ ಕೂತ್ಕೋ. ಮೀನು ಓಡಿಹೋಗುತ್ತೆ."

ಪಿಟೀಲು ಸುಮ್ಮನೆ ಕೂತಳು. ಅದು ಅವಳ ಸ್ಕೂಲಿನ ಹೆಸರಲ್ಲ. ಎಳೆಗೂಸಾಗಿದ್ದಾಗ ಹಗಲೂ ರಾತ್ರಿ 'ಕುಂಯ್' ಎಂದು ಒಂದೇ ರಾಗ ಎಳೆಯುತ್ತಿದ್ದಳೆಂದು ಅಪ್ಪ ಇಟ್ಟ ಹೆಸರು. ಈಗ ಅವಳು ಐದನೇ ಕ್ಲಾಸು. ರಾಗ ನಿಂತು ವರ್ಷಗಳಾದವು, ಹೆಸರು ಮಾತ್ರ ಬಿಟ್ಟಿಲ್ಲ.

ಅವರ ಕಯಾಕ್ ಎಂದರೆ ಕಿತ್ತಳೆ ಬಣ್ಣದ ಉದ್ದನೆಯ ಪ್ಲಾಸ್ಟಿಕ್ ದೋಣಿ. ಒಳಗೆ ಇಳಿದು ಕೂರುವಂಥದ್ದಲ್ಲ, ಮೇಲೆ ಕೂರುವಂಥದ್ದು. ಮುಂದೆ ಅಪ್ಪನ ಸೀಟು, ಪಕ್ಕದಲ್ಲಿ ಗಾಳದ ಕೋಲು ಸಿಕ್ಕಿಸುವ ಗೂಡು, ಹಿಂದೆ ಮೀನಿನ ಡಬ್ಬಿ ಇಡಲು ಒಂದು ತಗ್ಗು. ಭಾನುವಾರ ಬೆಳಿಗ್ಗೆ ಆ ತಗ್ಗಿನಲ್ಲಿ ಪಿಟೀಲು ಕೂರುತ್ತಿದ್ದಳು, ಡಬ್ಬಿ ಅವಳ ತೊಡೆಯ ಮೇಲೆ. ಪ್ರಪಂಚದಲ್ಲಿ ಅದಕ್ಕಿಂತ ಇಷ್ಟವಾದ ಜಾಗ ಅವಳಿಗೆ ಇನ್ನೊಂದಿರಲಿಲ್ಲ. ಕೆರೆಯ ಮಧ್ಯೆ ಅಪ್ಪ ಫೋನ್ ಮುಟ್ಟುತ್ತಿರಲಿಲ್ಲ. ಅವಳು ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತಿದ್ದ.

ಕೂರುವ ಕಡೆ ಕಯಾಕಿಗೆ ಮೇಲಿಂದ ಕೆಳಗಿನವರೆಗೂ ತೂತುಗಳಿದ್ದವು. ಮೊದಲ ಸಲ ನೋಡಿದವರೆಲ್ಲ, "ಅಲ್ರೀ, ತೂತಿರೋ ದೋಣಿ ತಂದಿದ್ದೀರಲ್ಲ!" ಎಂದು ನಗುತ್ತಿದ್ದರು. ಮೇಲೆ ಬಿದ್ದ ನೀರು ಕೆಳಗಿಳಿದು ಹೋಗಲಿ ಎಂದೇ ಇದ್ದ ತೂತುಗಳವು, ಅವುಗಳಿಂದ ಏನೂ ತೊಂದರೆಯಿಲ್ಲ. ಹುಷಾರಾಗಿರಬೇಕಾದದ್ದು ಬಾಲದ ತುದಿಯ ಸಣ್ಣ ತೂತಿನ ಬಗ್ಗೆ. ಕಯಾಕಿನ ಹೊಟ್ಟೆ ಟೊಳ್ಳು. ಮನೆಗೆ ಬಂದ ಮೇಲೆ, ಹೊಟ್ಟೆಯಲ್ಲಿ ಜಿನುಗಿದ ನೀರನ್ನು ಆ ತೂತಿನಿಂದ ಸುರಿಸಿ, ತೆರೆದೇ ಒಣಗಲು ಬಿಡಬೇಕು. ಮತ್ತೆ ನೀರಿಗಿಳಿಯುವ ಮೊದಲು ಬಿರಡೆ ತಿರುಪಲೇಬೇಕು. ಬಿರಡೆ ತಿರುಪುವುದು ಪಿಟೀಲಿನ ಕೆಲಸ.

"ಅಪ್ಪಾ, ಹಿಂದೆ ಮುಳುಗ್ತಾ ಇದೀವಿ ಅನ್ಸುತ್ತೆ."

"ಏನೇ ನಿನ್ನ ಗೋಳು?" ಎಂದು ಅಪ್ಪ ತಿರುಗಿದ. ತಿರುಗಿದ್ದೇ ತಡ, ಹೊಟ್ಟೆಯಲ್ಲಿ ತುಂಬಿದ್ದ ನೀರೆಲ್ಲ ಒಂದೇ ಕಡೆ ನುಗ್ಗಿ ಕಯಾಕ್ ದಬಕ್ಕನೆ ಮಗುಚಿತು.

ಪಿಟೀಲಿನ ಮೂಗು, ಬಾಯಿ, ಕಿವಿಗೆಲ್ಲ ನೀರು. ಲೈಫ್ ಜಾಕೆಟ್ ಅವಳನ್ನು ಮೇಲಕ್ಕೆ ಎತ್ತಿತು. ಹತ್ತಿರದಲ್ಲೇ ಕಟಿಂಗ್ ಮಾಮ ತನ್ನ ದೋಣಿಯಲ್ಲಿದ್ದ. ಅಪ್ಪನ ತಲೆಗೂದಲು ಕತ್ತರಿಸುವವನು ಅವನೇ, ಅಪ್ಪನ ಮೀನಿನ ಗೆಳೆಯನೂ ಅವನೇ. ಜಾಕೆಟ್ಟಿನ ಪಟ್ಟಿ ಹಿಡಿದು ಅವಳನ್ನು ಬೆಕ್ಕಿನ ಮರಿಯಂತೆ ಎಳೆದುಕೊಂಡ. ಅಪ್ಪ ಕಯಾಕ್ ಹಿಡಿದು ತೇಲುತ್ತಿದ್ದ. ಗಾಳದ ಕೋಲುಗಳೆರಡೂ ಕೆರೆಯ ಪಾಲಾದವು.

ದಡದಲ್ಲಿ ಮೀನು ಹಿಡಿಯಲು ಬಂದವರೆಲ್ಲ ಸೇರಿ ಕಯಾಕ್ ಎತ್ತಿ ನಿಲ್ಲಿಸಿದಾಗ ಬಾಲದಿಂದ ನೀರು ಗಳಗಳ ಸುರಿಯಿತು. ಕಟಿಂಗ್ ಮಾಮ ಬಗ್ಗಿ ನೋಡಿದ.

"ಅಯ್ಯಯ್ಯೋ, ಬಿರಡೇನೇ ಇಲ್ವಲ್ಲಪ್ಪಾ! ಊರಿನ ನಲ್ಲಿ ಎಲ್ಲ ರಿಪೇರಿ ಮಾಡೋ ಪ್ಲಂಬರು, ಸ್ವಂತ ದೋಣೀಲಿ ಮುಳುಗ್ದ!" ಹೊಟ್ಟೆ ಹಿಡಿದುಕೊಂಡು ನಕ್ಕ. ಸುತ್ತ ಇದ್ದವರೂ ನಕ್ಕರು. "ಬಿರಡೆ ಹಾಕಿದ್ದು ಯಾರು ಮಾರಾಯಾ?"

ಅಪ್ಪನ ಕಿವಿ ಕೆಂಪಾಯಿತು. "ನಾನಲ್ಲಪ್ಪ. ಬಿರಡೆ ಡಿಪಾರ್ಟ್‌ಮೆಂಟ್ ಇವಳದ್ದು. ಮರ್ತಿದಾಳೆ."

ಎಲ್ಲರೂ ಅವಳತ್ತ ತಿರುಗಿದರು. ಬೆಳಿಗ್ಗೆ ಬಿರಡೆ ಅವಳ ಕೈಯಲ್ಲೇ ಇತ್ತು, ನಿಜ. ಆದರೆ ಅಪ್ಪ, "ಕೊಡಿಲ್ಲಿ, ಟೇಪ್ ಸುತ್ತಿ ಹಾಕ್ತೀನಿ. ಒಂದು ಹನಿ ಒಳಗೆ ಹೋಗಲ್ಲ ನೋಡು," ಎಂದು ಇಸಿದುಕೊಂಡಿದ್ದ. ಆ ಬಿರಡೆಗೆ ರಬ್ಬರ್ ರಿಂಗ್ ಇದೆ, ಟೇಪ್ ಬೇಡವೇ ಬೇಡ. ಆದರೆ ಎಲ್ಲಿ ತಿರುಪು ಕಂಡರೂ, ನಲ್ಲಿಗೆ ಸುತ್ತುವ ಬಿಳಿ ಟೇಪ್ ಸುತ್ತದಿದ್ದರೆ ಅಪ್ಪನಿಗೆ ಸಮಾಧಾನವಿಲ್ಲ. ಆಮೇಲೆ ಅವನಿಗೆ ಯಾರದೋ ಫೋನ್ ಬಂತು. ಅವಳು ಜಾಕೆಟ್ ತರಲು ಓಡಿದಳು. ಅಪ್ಪ ಬಿರಡೆ ವಾಪಸ್ ಕೊಟ್ಟಿದ್ದನೇ? ಅಪ್ಪ ಸುಳ್ಳು ಹೇಳುವವನಲ್ಲ. ಹಾಗಾದರೆ ಕೊಟ್ಟೇ ಇರಬೇಕು. ನಾನೇ ಎಲ್ಲೋ ಬೀಳಿಸಿರಬೇಕು.

"ಅಪ್ಪಾ, ನೀನು ಟೇಪು..."

"ಮೊದ್ಲು ತಲೆ ಒರೆಸ್ಕೋ, ಶೀತ ಆಗುತ್ತೆ," ಎಂದು ಅಪ್ಪ ಟವೆಲ್ ಎಸೆದ.

ಮನೆಯಲ್ಲಿ ಅಮ್ಮನ ಪಿತ್ತ ನೆತ್ತಿಗೇರಿತು. "ಇಬ್ರಿಗೂ ಏನಾದ್ರೂ ಆಗಿದ್ರೆ? ಒಂದೇ ಒಂದು ಕೆಲಸ ಕಣೇ ನಿಂದು, ಒಂದೇ ಒಂದು! ಸಾಕು, ಇನ್ಮೇಲೆ ನೀನು ಕಯಾಕ್ ಹತ್ತೋ ಹಾಗಿಲ್ಲ."

ಪಿಟೀಲು ಅಪ್ಪನ ಮುಖ ನೋಡಿದಳು. ಅಪ್ಪ ಗೋಡೆ ನೋಡುತ್ತಿದ್ದ.

ಸಂಜೆ ಅಮ್ಮ, "ಬಟ್ಟೆ ಎಲ್ಲ ಮಷೀನಿಗೆ ಹಾಕು. ಜೇಬು ನೋಡಿ ಹಾಕು," ಎಂದಳು. ಪ್ಲಂಬರ್ ಮನೆಯಲ್ಲಿ ಜೇಬು ನೋಡದೆ ಬಟ್ಟೆ ಒಗೆಯುವ ಹಾಗಿಲ್ಲ, ವಾಷರು, ಮೊಳೆ ಎಲ್ಲ ಒಳಗೆ ಗಡಗಡ ತಿರುಗುತ್ತವೆ. ಅಪ್ಪ ಕೆರೆಗಿಳಿಯುವ ಮೊದಲು ವ್ಯಾನಿನಲ್ಲಿ ಬಿಚ್ಚಿಟ್ಟಿದ್ದ ಶರ್ಟಿನ ಜೇಬಿಗೆ ಅವಳು ಕೈ ಹಾಕಿದಳು. ಕಪ್ಪು ಬಿರಡೆ ಸಿಕ್ಕಿತು. ಅದಕ್ಕೆ ಬಿಳಿ ಟೇಪ್ ನೀಟಾಗಿ ಸುತ್ತಿತ್ತು.

ನಾನಲ್ಲ! ನಾನಲ್ಲವೇ ಅಲ್ಲ! ಪಿಟೀಲು ಇದ್ದಲ್ಲೇ ಕುಣಿದಳು. ಪಾಪ, ಅಪ್ಪನೇ ಮರೆತುಬಿಟ್ಟಿದ್ದಾನೆ! ತೋರಿಸಿದರೆ ಹಣೆ ಚಚ್ಚಿಕೊಂಡು ನಗುತ್ತಾನೆ. ಆಮೇಲೆ ಅಮ್ಮನಿಗೆ ಹೇಳುತ್ತಾನೆ. ಅವಳು ಒಂದೇ ಉಸಿರಿಗೆ ಹಿತ್ತಲಿಗೆ ಓಡಿದಳು.

ಅಪ್ಪ ಪೈಪ್ ಹಿಡಿದು ಕಯಾಕ್ ತೊಳೆಯುತ್ತಿದ್ದ.

"ಅಪ್ಪಾ, ನೋಡು! ನಿನ್ನ ಜೇಬಲ್ಲೇ ಇತ್ತು!"

ಅಪ್ಪ ನೋಡಿದ. ಹಣೆ ಚಚ್ಚಿಕೊಳ್ಳಲಿಲ್ಲ. ಅಯ್ಯೋ ಎನ್ನಲಿಲ್ಲ. ಅಡುಗೆಮನೆಯ ಕಿಟಕಿಯತ್ತ ಒಮ್ಮೆ ಕಣ್ಣು ಹಾಯಿಸಿ, ಬಿರಡೆ ಇಸಿದುಕೊಂಡು ಮುಷ್ಟಿಯಲ್ಲಿ ಮುಚ್ಚಿಕೊಂಡ.

ಪಿಟೀಲಿನ ಕುಣಿತ ಅಲ್ಲೇ ನಿಂತಿತು. "ನಿಂಗೆ ಗೊತ್ತಿತ್ತಾ?"

"ಮೆಲ್ಲಗೆ ಮಾತಾಡೇ. ದಡಕ್ಕೆ ಬಂದಾಗ ನೆನಪಾಯ್ತು. ಅಷ್ಟೊತ್ತಿಗೆ ಅವನು ಊರಿಗೆಲ್ಲ ಕೇಳೋ ಹಾಗೆ ಬಾಯಿ ಮಾಡಿದ್ನಲ್ಲ. ನಾಳೆ ಅವನ ಕಟಿಂಗ್ ಶಾಪಿಗೆ ಬಂದವರಿಗೆಲ್ಲ ಇದೇ ಕತೆ. ನನ್ನ ಯಾರು ಕೆಲಸಕ್ಕೆ ಕರೀತಾರೆ?"

"ಅದಕ್ಕೆ ನನ್ನ ತಲೆ ಮೇಲೆ ಗೂಬೆ ಕೂರಿಸಿದ್ಯಾ?"

"ನೀನು ಚಿಕ್ಕವಳು ಪುಟ್ಟಾ. ಮಕ್ಕಳು ಮರೆತ್ರೆ ಯಾರೂ ಏನೂ ಅನ್ಕೊಳಲ್ಲ."

"ಅಮ್ಮ ಅಂದ್ಕೊಂಡ್ಳಲ್ಲ!"

"ಅಮ್ಮನ್ನ ನಾನು ಒಪ್ಪಿಸ್ತೀನಿ. ಮುಂದಿನ ಭಾನುವಾರ ಗಾಳ ನೀನೇ ಹಿಡಿ, ಸರೀನಾ? ಆದ್ರೆ ಇದು ನಮ್ಮಿಬ್ರಲ್ಲೇ ಇರ್ಲಿ. ನಾನೇ ನಿನ್ನ ಮುಳುಗಿಸಿದ್ದು ಅಂತ ಗೊತ್ತಾದ್ರೆ ಅವಳು ಕಯಾಕನ್ನ ಮನೇಲಿ ಇಟ್ಕೊಳ್ಳಲ್ಲ."

ಊಟದ ಹೊತ್ತಿಗೆ ಅಪ್ಪ ಮಾತಿಗೆ ಶುರು ಮಾಡಿದ. "ಹೋಗ್ಲಿ ಬಿಡೇ. ಮಕ್ಕಳು, ಮರೀತಾರೆ. ನಾನೇ ಕ್ಷಮಿಸಿದೀನಿ, ನಿಂದೇನು?"

ಅಮ್ಮ ಅವಳ ತಲೆ ಸವರಿದಳು. "ನೋಡು, ನಿಮ್ಮಪ್ಪನ ಮನಸ್ಸು ಎಷ್ಟು ದೊಡ್ಡದು. ಥ್ಯಾಂಕ್ಸ್ ಹೇಳು."

ಪಿಟೀಲು ತಟ್ಟೆ ನೋಡುತ್ತಾ, "ಥ್ಯಾಂಕ್ಸ್," ಎಂದಳು. ಅಪ್ಪನ ಮೇಲೆ ಅವಳಿಗೆ ಎಷ್ಟು ಸಿಟ್ಟು ಬಂದಿತ್ತೆಂದರೆ, ತಟ್ಟೆ ಎತ್ತಿ ಎಸೆಯಬೇಕು ಅನ್ನಿಸಿತು.

ಆ ವಾರವಿಡೀ ಅಪ್ಪ ಒಂಥರಾ ಇದ್ದ. ಅವಳು ನಡುಮನೆಗೆ ಬಂದರೆ ಎದ್ದು ಹೋಗುತ್ತಿದ್ದ. ಅಮ್ಮನ ಜೊತೆ ಅವಳೊಬ್ಬಳೇ ಇದ್ದರೆ ಏನೋ ನೆಪ ಮಾಡಿಕೊಂಡು ಅಲ್ಲಿಗೇ ಬರುತ್ತಿದ್ದ. ಕೇಳದೆಯೇ ಹೊಸ ಕಂಪಾಸ್ ಬಾಕ್ಸ್ ತಂದುಕೊಟ್ಟ. ಕೋಪವಿದ್ದರೆ ಕಂಪಾಸ್ ಬಾಕ್ಸ್ ಯಾಕೆ ತರುತ್ತಾನೆ? ಪ್ರೀತಿಯಿದ್ದರೆ ಮುಖ ಯಾಕೆ ತಿರುಗಿಸುತ್ತಾನೆ? ಪಿಟೀಲಿಗೆ ತಲೆಬುಡ ಅರ್ಥವಾಗಲಿಲ್ಲ.

ಭಾನುವಾರ ಕೆರೆಯ ದಡದಲ್ಲಿ ಕಟಿಂಗ್ ಮಾಮ ಕಾದುಕೊಂಡೇ ಇದ್ದ.

"ಏನಮ್ಮಾ ಪಿಟೀಲು, ಇವತ್ತು ಬಿರಡೆ ಹಾಕಿದ್ಯೋ, ಇಲ್ಲ ಮತ್ತೆ ಮುಳುಗೋ ಪ್ಲಾನೋ?"

ಎಲ್ಲರೂ ಗೊಳ್ಳೆಂದರು. ಎಲ್ಲರಿಗಿಂತ ಜೋರಾಗಿ ನಕ್ಕವನು ಅಪ್ಪ. ಪಿಟೀಲು ಅವನನ್ನೇ ನೋಡಿದಳು. ಅವನ ನಗು ಅರ್ಧಕ್ಕೇ ನಿಂತಿತು.

"ಹತ್ತು ಪುಟ್ಟಾ, ಬಿಸಿಲಾಗುತ್ತೆ."

"ನಾನು ಬರಲ್ಲ."

"ಯಾಕಮ್ಮಾ?" ಎಂದ ಕಟಿಂಗ್ ಮಾಮ. "ಏನಾಯ್ತು? ಹೇಳು ಹೇಳು."

ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಒಂದೇ ಒಂದು ವಾಕ್ಯ, ಅಷ್ಟೇ. ಅಪ್ಪ ಹುಟ್ಟನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ನಿಂತಿದ್ದ. ಹೋಮ್‌ವರ್ಕ್ ಮಾಡದ ದಿನ ಟೀಚರ್ ಹತ್ತಿರ ಬರುವಾಗ ಅವಳ ಪಕ್ಕದ ಬೆಂಚಿನ ಹುಡುಗಿ ಹೀಗೇ ನಿಲ್ಲುತ್ತಾಳೆ.

ಆಗ ಪಿಟೀಲಿಗೆ ಗೊತ್ತಾಯಿತು. ವಾರವಿಡೀ ಅಪ್ಪನಿಗೆ ಇದ್ದದ್ದು ಕೋಪವಲ್ಲ. ಅಪ್ಪನಿಗೆ ಅವಳನ್ನು ಕಂಡರೆ ಹೆದರಿಕೆ.

ಗೆದ್ದ ಹಾಗೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಅಳು ಬಂತು.

"ಹೊಟ್ಟೆನೋವು," ಎಂದಳು.

ಅಪ್ಪ ಉಸಿರು ಬಿಟ್ಟದ್ದು ಅವಳಿಗೆ ಕೇಳಿಸಿತು. "ಹಾಗಾದ್ರೆ ವ್ಯಾನಲ್ಲಿ ಮಲ್ಕೋ ಪುಟ್ಟಾ. ಬೇಗ ಬಂದ್ಬಿಡ್ತೀನಿ," ಎಂದ. ದನಿಯಲ್ಲಿ ಎಷ್ಟು ಪ್ರೀತಿ! ಅವಳಿಗೆ ಅದೇ ಸಹಿಸಲಾಗಲಿಲ್ಲ.

ಕಯಾಕ್ ದೂರ ಹೋಯಿತು. ಅಪ್ಪ ಅಲ್ಲಿಂದ ಕೈ ಬೀಸಿದ. ಜನ ನೋಡುತ್ತಿದ್ದರು, ಹಾಗಾಗಿ ಅವಳೂ ಬೀಸಿದಳು.