ಎಣ್ಣೆ ಕುಡಿದ ಚೆಂಡು

ಮಾರ್ಚ್ ಹನ್ನೊಂದರ ಬೆಳಿಗ್ಗೆ ಮ್ಯಾಸಚೂಸೆಟ್ಸ್‌ನ ಹಾರ್ಲೋ ಠಾಣೆಗೆ ದೂರು ಬಂತು. ಊರಿನ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಿಂದ ಬೇಸ್‌ಬಾಲ್ ಚೆಂಡೊಂದು ಕಾಣೆಯಾಗಿತ್ತು.

"ಬೇಲಿಯಾಚೆ ಹುಡುಕಿದ್ರಾ ಮೇಡಂ?" ಎಂದು ಕಾನ್‌ಸ್ಟೆಬಲ್ ಡೂಲಿ ಕೇಳಿದ.

ಮೇಲ್ವಿಚಾರಕಿ ವಿನಿಫ್ರೆಡ್ ನಗಲಿಲ್ಲ. ಚೆಂಡು 1859ರದು. ಮುಂದಿನ ವಾರ ಹರಾಜಿಗೆ ಹೋಗಬೇಕಿತ್ತು. ಸಂಗ್ರಹಾಲಯದ ಸೋರುವ ಚಾವಣಿಯ ರಿಪೇರಿಗೆ ಬೇರೆ ಗತಿಯಿರಲಿಲ್ಲ.

ಸಾರ್ಜೆಂಟ್ ವಾಲ್ಟ್ ಬ್ರಾಕೆಟ್ ದೂರು ದಾಖಲಿಸಿ ಸ್ಥಳದ ಮಹಜರು ಮಾಡಿದ. ಬೀಗ ಮುರಿದಿರಲಿಲ್ಲ, ಗಾಜು ಒಡೆದಿರಲಿಲ್ಲ. ಕೀಲಿಯಿದ್ದದ್ದು ಮೂವರಲ್ಲಿ: ವಿನಿಫ್ರೆಡ್, ಖಜಾಂಚಿಯಾಗಿದ್ದ ದಂತವೈದ್ಯ, ಭಾನುವಾರ ಬಾಗಿಲು ಕಾಯುವ ಮುದುಕ ಸೈಲಸ್ ಥೇಯರ್. ಸೈಲಸ್ ಊರಿಗೆಲ್ಲ 'ಕೋಚ್'. ಬ್ರಾಕೆಟ್‌ಗೂ ಆಟ ಕಲಿಸಿದವರು. ಅವರನ್ನು ವಿಚಾರಿಸುವುದನ್ನು ಅವನು ಕೊನೆಗಿಟ್ಟುಕೊಂಡ.

ಅಷ್ಟರಲ್ಲಿ ಚೆಂಡು ತಾನೇ ಬಂತು, ಸಂಗ್ರಹಾಲಯದ ಮೆಟ್ಟಿಲ ಮೇಲೆ, ಕಾಗದದ ಚೀಲದಲ್ಲಿ. ವಿನಿಫ್ರೆಡ್ ಖುಷಿಗೆ ಡೂಲಿಯನ್ನೇ ತಬ್ಬಿಕೊಂಡಳು. ಬಾಸ್ಟನ್ನಿನಿಂದ ಬಂದ ಬೆಲೆ ಕಟ್ಟುವಾಕೆ ಐರಿಸ್ ಯಾರನ್ನೂ ತಬ್ಬಲಿಲ್ಲ. ಬಿಳಿ ಕೈಗವಸು ತೊಟ್ಟು ಚೆಂಡನ್ನು ದೀಪದಡಿ ತಿರುಗಿಸಿದಳು. ಚರ್ಮ ಒಂದೇ ತುಂಡು. ಸುಲಿದ ನಿಂಬೆಯ ಸಿಪ್ಪೆಯನ್ನು ಮತ್ತೆ ಮುಚ್ಚಿದಂತೆ ಹೊಲಿಗೆ. ಅದೇ ಕಾಲದ್ದು, ಅದೇ ಚೆಂಡು. ಆದರೆ ಆಗೆಲ್ಲ ಸೋತವರು ಚೆಂಡನ್ನು ಗೆದ್ದವರಿಗೆ ಒಪ್ಪಿಸುತ್ತಿದ್ದರು. ಗೆದ್ದವರು ಅದರ ಮೇಲೆ ದಿನ, ತಂಡ, ಓಟಗಳನ್ನು ಶಾಯಿಯಲ್ಲಿ ಬರೆದಿಡುತ್ತಿದ್ದರು. ಬೆಲೆಯೆಲ್ಲ ಆ ಬರಹಕ್ಕೆ. ಈಗ ಅಲ್ಲಿ ಮಸುಕು ಕಲೆಯಷ್ಟೇ ಉಳಿದಿತ್ತು. ಚರ್ಮ ಎಣ್ಣೆ ಕುಡಿದು ಮಿರಮಿರ ಮಿಂಚುತ್ತಿತ್ತು.

"ಯಾರೋ ಮುದ್ದು ಮಾಡಿ ಕೊಂದಿದಾರೆ," ಎಂದಳು ಐರಿಸ್. "ಇದನ್ನ ಇನ್ನು ಯಾರೂ ಕೊಳ್ಳಲ್ಲ."

ಬ್ರಾಕೆಟ್ ಮೂಸಿ ನೋಡಿದ. ದನದ ಗೊರಸಿನ ಎಣ್ಣೆ. ಹಳೆಯ ವಸ್ತು ಕೂಡಿಡುವವರು ಇಂಥದನ್ನು ಬರಿಗೈಯಲ್ಲಿ ಮುಟ್ಟುವುದೂ ಇಲ್ಲ. ಒಣಗಿದ ಚರ್ಮ ಕಂಡೊಡನೆ ಎಣ್ಣೆ ತಿಕ್ಕುವವರು ಆಟಗಾರರು. ಚಳಿಗಾಲದುದ್ದಕ್ಕೂ ತಮ್ಮ ಗ್ಲೌಸನ್ನು ಹಾಗೆಯೇ ಮೆತ್ತಗಿಡುತ್ತಾರೆ. ವಿನಿಫ್ರೆಡ್ ಮೈದಾನಕ್ಕಿಳಿದವಳಲ್ಲ. ದಂತವೈದ್ಯನಿಗೋ ಚೆಂಡಿನ ಯಾವ ತುದಿ ಹಿಡಿಯಬೇಕೆಂದೂ ತಿಳಿಯದು. ಉಳಿದವರು ಒಬ್ಬರೇ.

ಸೈಲಸ್ ಬಾಗಿಲು ತೆರೆದೇ ಇಟ್ಟಿದ್ದರು. ಅಡುಗೆಮನೆಯ ಮೇಜಿನ ಮೇಲೆ ಹಳೆಯ ಗ್ಲೌಸ್, ಎಣ್ಣೆಯ ಡಬ್ಬಿ, ಕಪ್ಪು ಹಿಡಿದ ಬಟ್ಟೆಯ ಚೂರು.

"ಚೆಂಡು ತಗೊಂಡಿದ್ದು ನೀವೇನಾ ಕೋಚ್?"

"ಹೂಂ. ಕಾಫಿ ಕುಡೀತೀಯಾ?"

"ಮಾರೋಕಾ?"

"ಅವರು ಮಾರ್ತಾರಲ್ಲ, ಅದಕ್ಕೆ."

ಪ್ರತಿ ವಸಂತದ ಮೊದಲ ಆಟಕ್ಕೆ ಹಾರ್ಲೋ ತಂಡದ ಕ್ಯಾಚರ್, ಎಂದರೆ ಎಸೆದ ಚೆಂಡು ಹಿಡಿಯುವವನು, ಆ ಚೆಂಡನ್ನು ಬರಿಗೈಯಲ್ಲಿ ಹಿಡಿದು ಮೈದಾನ ಸುತ್ತುವುದು ಪದ್ಧತಿಯಾಗಿತ್ತು. ಕೊನೆಯದಾಗಿ ಹಿಡಿದವನು ಸೈಲಸ್‌ರ ಮಗ ನೆಡ್. ಆ ವರ್ಷ ಅವನತ್ತ ಚೆಂಡೆಸೆಯುತ್ತಿದ್ದವನು ಬ್ರಾಕೆಟ್. ಬೇಸಿಗೆಯಲ್ಲಿ ನೆಡ್ ನದಿಯಲ್ಲಿ ಮುಳುಗಿದ. ಅವನ ಹಿಂದೆಯೇ ತಂಡವೂ ಮುಳುಗಿತು. ಚೆಂಡು ಗಾಜಿನೊಳಗೆ ಸೇರಿತು. ಆಮೇಲೆ ಅದನ್ನು ಬರಿಗೈಯಲ್ಲಿ ಮುಟ್ಟಿದವರಿಲ್ಲ.

ಗ್ಲೌಸ್ ನೆಡ್‌ನದು. ಅದಕ್ಕೆ ಎಣ್ಣೆ ಹಚ್ಚುವಾಗ ಪಕ್ಕದಲ್ಲಿದ್ದ ಚೆಂಡು ಒಣಗಿ ಬಿರುಕು ಬಿಟ್ಟದ್ದು ಕಂಡಿತಂತೆ. ಕೈ ತಾನೇ ಹೋಯಿತಂತೆ. ಶಾಯಿ ಹತ್ತಿ ಬಟ್ಟೆ ಕಪ್ಪಾದ ಮೇಲೆಯೇ ಎಚ್ಚರ. ಆಮೇಲೆ ಚೆಂಡನ್ನು ಚೀಲದಲ್ಲಿ ಹಾಕಿ ಮೆಟ್ಟಿಲ ಮೇಲಿಟ್ಟು ಬಂದರಂತೆ.

ಬ್ರಾಕೆಟ್ ಕಾನೂನಿನಂತೆ ಹಕ್ಕುಗಳನ್ನು ಹೇಳಿ ದಸ್ತಗಿರಿ ಮಾಡಿದ. ಕೋಳ ಹಾಕಲಿಲ್ಲ. ಮೇಜಿನ ಮೇಲಿದ್ದುದನ್ನು ವಶಪಡಿಸಿಕೊಳ್ಳತೊಡಗಿದಾಗ ಮುದುಕರು ಮೊದಲ ಬಾರಿ ತಡೆದರು.

"ಗ್ಲೌಸ್ ಬೇಕಾದ್ರೆ ತಗೊಂಡೋಗು ವಾಲ್ಟ್. ಆ ಬಟ್ಟೆ ನನಗೆ ಬಿಡ್ತೀಯಾ?"

"ಇದ್ಯಾಕೆ ಕೋಚ್?"

"ಆ ಚೆಂಡನ್ನ ಕಡೇದಾಗಿ ಹಿಡಿದೋನು ಅವನಲ್ವಾ. ಶಾಯಿ ಜೊತೆ ಅವನ ಕೈಯನ್ನೂ ಒರೆಸಿಬಿಟ್ಟೆ. ಈಗ ಏನಿದ್ರೂ ಅದರಲ್ಲೇ ಇರಬೇಕು."

ಬಟ್ಟೆಯೇ ಮುಖ್ಯ ಸಾಕ್ಷ್ಯ. ಬ್ರಾಕೆಟ್ ಅದನ್ನು ಮಡಿಸದೆ ಲಕೋಟೆಗಿಳಿಸಿ, ಮೊಹರು ಹಾಕಿದ.